ಮುದ್ದೆಯೊಳಗಿನ ಮಾತ್ರೆ

ನನ್ನ ವಾರಗಿತ್ತಿಯ ಅಂಗೈ ಯಾವಾಗಲೂ ಕೆಂಪಗೆ ದಡ್ಡುಗಟ್ಟಿರುತ್ತಿತ್ತು. ಒಲೆಯಿಂದ ಇಳಿಸಿದ ಮುದ್ದೆಯನ್ನು ಆರಲು ಬಿಡದೆ ಕಟ್ಟುವವಳು. ಸುಡುವುದಿಲ್ಲವೇ ಎಂದರೆ, "ಸುಡ್ತದೆ. ಅದಕ್ಕೇನೀಗ?" ಅನ್ನುತ್ತಿದ್ದಳು.

ನಮ್ಮೂರು ಹೊಳಲಿನಲ್ಲಿ, ನಮ್ಮ ಬೀದಿಗೆ ಹೊಸ ಸೊಸೆ ಬಂದರೆ ಇವಳು ಹೋಗಿ ಕೂರುವಳು. ಬಸುರಿಯಾಗುವ ಮೊದಲೇ ನುಂಗುವ ಮಾತ್ರೆ ಒಂದಿದೆ, ಆಮೇಲೆ ರಕ್ತಕ್ಕೆ ಬೇರೆ ಇದೆ, ಡಾಕ್ಟರನ್ನು ಕೇಳು ಎನ್ನುವಳು. ಅತ್ತೆಯರು ಉರಿದುಬೀಳುತ್ತಿದ್ದರು.

"ನಿಂಗೇನು ಸರ್ಕಾರ ಸಂಬ್ಳ ಕೊಡ್ತದಾ?"

"ಸಂಬ್ಳ ಬಂದಿದ್ರೆ ನಿನ್ ಮನೇಗ್ಯಾಕೆ ಬತ್ತಿದ್ದೆ?"

ಆಮೇಲೆ ನಮ್ಮ ಜಗಲಿಯಲ್ಲಿ ಕಾಲು ಚಾಚಿ, "ಸಾಕಾಯ್ತು ಕಣೆ. ಎಲ್ಲವೂ ನುಂಗ್ದೆ ಅಂತವೆ. ಒಂದೂ ನುಂಗಿರಲ್ಲ" ಅನ್ನುವಳು.

"ಬುಡಕ್ಕ, ಅವರ ಹಣೇಬರ" ಅನ್ನುತ್ತಿದ್ದೆ. ಬೆಳಗಾದರೆ ಮತ್ತೆ ಹೊರಟಿರುತ್ತಿದ್ದಳು.

ಮದ್ದೂರಿಗೆ ಕೊಟ್ಟಿದ್ದ ನನ್ನ ಮೊಮ್ಮಗಳು ಐದು ತಿಂಗಳ ಬಸುರಿಯಾಗಿ ನಮ್ಮಲ್ಲಿಗೆ ಬಂದಳು. ಮುಖ ಸುಣ್ಣ ಬಳಿದ ಹಾಗೆ. ರಕ್ತ ತೀರಾ ಕಡಿಮೆ ಎಂದು ಮಂಡ್ಯದ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಹುಡುಗಿ ಅದನ್ನು ತಿಪ್ಪೆಗೆ ಎಸೆಯುವುದನ್ನು ಕಂಡವಳು ವಾರಗಿತ್ತಿಯೇ. ಊಟದ ಹೊತ್ತಿಗೆ ಬಂದು ಎದುರು ಕೂತಳು.

"ವಾಸ್ನೆಗೇ ವಾಂತಿ ಬತ್ತದೆ ಕಣಜ್ಜಿ. ಮಗೀನೂ ದಪ್ಪ ಆಯ್ತದಂತೆ, ಹೆರೋಕಾಗಲ್ವಂತೆ."

"ನನ್ ಮಗಳಿಗೆ ನಾನೂ ಅದನ್ನೇ ಹೇಳಿದ್ದೆ. ತಿನ್ಬೇಡ ಅಂದೆ. ತಿನ್ಲಿಲ್ಲ. ಹೆರಿಗೇಲಿ ರಕ್ತ ಹೋಯ್ತು, ಅವಳೂ ಹೋದ್ಲು."

ಮಗಳು ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಬೇಡ ಅಂದದ್ದು ಇವಳೇ ಎಂದು ನನಗೂ ಅಂದೇ ಗೊತ್ತಾಗಿದ್ದು. ಮೊಮ್ಮಗಳು ತಲೆ ತಗ್ಗಿಸಿದಳು.

"ಮುದ್ದೆ ಅಗೀತೀಯಾ?"

"ಮುದ್ದೆ ಯಾರಾದ್ರೂ ಅಗೀತಾರಾ?"

"ಮತ್ತೆ ಈ ಮಾತ್ರೇನ್ಯಾಕೆ ಬಾಯಲ್ಲಿ ಇಟ್ಕೊಂಡು ಕೂತ್ಕೋತೀಯೆ?"

ತುತ್ತು ಮುರಿದು, ಮಾತ್ರೆ ಒಳಗಿಟ್ಟು ಉಂಡೆ ಮಾಡಿ, ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಟ್ಟಳು. ಹುಡುಗಿ ನುಂಗಿದಳು.

"ನಾಲ್ಗೆ ಎತ್ತು."

ಎತ್ತಿದಳು. ಅಡಿಯಲ್ಲಿ ಮಾತ್ರೆ ಇರಲಿಲ್ಲ. ವಾಂತಿಯೂ ಆಗಲಿಲ್ಲ.

ವಾರಗಿತ್ತಿ ಹೆರಿಗೆಯವರೆಗೂ ದಿನಾ ಬಂದಳು. ಮಂಡಿನೋವು, ಗೋಡೆ ಹಿಡಿದು ಬರುತ್ತಿದ್ದಳು. ಬಂದವಳು ಕಾಫಿಗೂ ನಿಲ್ಲುತ್ತಿರಲಿಲ್ಲ, ನಾಲಿಗೆ ನೋಡಿ ಹೋಗುತ್ತಿದ್ದಳು. ತಾಯಿ, ಮಗು ಎರಡೂ ಉಳಿದವು. ಕೂಸಿನ ಕತ್ತು ನಿಲ್ಲುವ ಮೊದಲೇ ವಾರಗಿತ್ತಿ ಹೋದಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ತಿಥಿ ಊಟಕ್ಕೆ ಮುದ್ದೆ ಮಾಡಿದ್ದರು. ಬಾಣಂತಿಗೆ ಕೊಟ್ಟ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಮೊಮ್ಮಗಳು ತುತ್ತಿನಲ್ಲಿಟ್ಟು ನುಂಗಿ, ಅಭ್ಯಾಸಕ್ಕೆ ಬಾಯಿ ತೆರೆದು ನಾಲಿಗೆ ಎತ್ತಿದಳು. ಎದುರಿಗೆ ಯಾರೂ ಇರಲಿಲ್ಲ.

ನಾನು ಎಲೆ ಬಿಟ್ಟು ಎದ್ದು ಹೋಗಿ ಅವಳ ನಾಲಿಗೆಯಡಿ ನೋಡಿದೆ.