ಸರ್ಕಾರಿ ಮೊಹರಿನ ಅಪ್ಪನಾಗಿ ನಾನು ಹಡಗು ಹತ್ತಿದ್ದು

“ಗಂಡನ ಸಹಿ ಆಕಿಸ್ಕೊಂಡ್ ಬಾ ಓಗಮ್ಮ, ಆಮೇಲ್ ನೋಡಾಣ” ಅಂದ ಬಂಗಾರಪೇಟೆಯ ಸರ್ಕಾರಿ ಕಚೇರಿಯ ಗುಮಾಸ್ತ. ತಲೆ ಎತ್ತಲೂ ಇಲ್ಲ.

ಗಂಡ ಇಲ್ಲ ಅಂದೆ.

“ಸತ್ತೋದ್ನಾ? ಅಂಗಾದ್ರೆ ಮರಣ ಪತ್ರ ತಾ.”

ಮದುವೆಯೇ ಆಗಿಲ್ಲ ಅಂದೆ. ಆಗ ಎತ್ತಿದ ನೋಡಿ ತಲೆ... ನನ್ನನ್ನೂ, ನನ್ನ ಸೆರಗು ಹಿಡಿದು ನಿಂತಿದ್ದ ಸೆಲ್ವಿಯನ್ನೂ ಮೇಲಿಂದ ಕೆಳಗೆ ಅಳೆದ. ಇಡೀ ಭಾರತೀಯ ಸಂಸ್ಕೃತಿ ಆ ಮುರುಕು ಕುರ್ಚಿಯ ಮೇಲೆ ಕೂತು ನಮ್ಮನ್ನು ದಿಟ್ಟಿಸುತ್ತಿತ್ತು.

ಇದು ಎಂಬತ್ತರ ದಶಕದ ಮಾತು. ನಾನು ಚಿನ್ನದ ಗಣಿಯ ಊರಿಗಾಂನವಳು, ಗಣಿ ಕೆಲಸಗಾರರಿಗೆ ಕಂಪನಿ ಕಟ್ಟಿಸಿದ ಸಾಲುಮನೆ, ಅಂದರೆ ಲೈನ್‌ಮನೆಯವಳು. ಅಪ್ಪ ಗಣಿಯೊಳಗೆ ಸತ್ತಾಗ ಅವನ ಬದಲಿಗೆ ನನಗೆ ಮೇಲ್ಗಡೆ ಟೋಕನ್ ಆಫೀಸಿನಲ್ಲಿ ಕೆಲಸ ಕೊಟ್ಟರು. ಕೆಳಗಿಳಿಯುವವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದಾಗ ವಾಪಸ್ ತಗೊಳ್ಳುವುದು. ಸಂಜೆಯಾದರೆ ಯೂನಿಯನ್ನು, ಘೋಷಣೆ, ಗೋಡೆಬರಹ.

ಸೆಲ್ವಿ ಪಕ್ಕದ ಮನೆ ಮುನಿಯಮ್ಮಜ್ಜಿಯ ಮೊಮ್ಮಗಳು. ಹೆತ್ತವಳು ಬಾಣಂತನದಲ್ಲೇ ಹೋದಳು, ಹುಟ್ಟಿಸಿದವನು ಹೆಸರೂ ಬಿಡದೆ ಓಡಿದ್ದ. ಅಜ್ಜಿ ಕೂಸನ್ನು ನನ್ನ ಮಡಿಲಿಗೆ ಹಾಕಿ “ಇಕ್ಕೋ ನಾಗವೇಣಿ, ಇನ್ಮೇಕೆ ನಿಂದು” ಅಂದಳು. ಕೋರ್ಟೂ ಹೂಂ ಅಂದು ದತ್ತಕದ ಆರ್ಡರ್ ಕೊಟ್ಟಿತು.

ಆಮೇಲೆ ಅಜ್ಜಿ ಅಂಡಮಾನಿನಲ್ಲಿದ್ದ ಮಗನ ಹತ್ತಿರ ಹೋದಳು. ಅಲ್ಲಿಂದ ಹೇಳಿಕಳಿಸಿದಳು... ಒಂದು ಕಣ್ಣು ಹೋಗಿದೆ, ಇನ್ನೊಂದೂ ಮಂಜು. “ಪೂರಾ ಕತ್ತಲಾಗೋ ಮುಂಚೆ ಕೂಸಿನ ಮಕ ಒಂದ್ ಕಿತ ತೋರ್ಸೇ.”

ಮದರಾಸಿನಿಂದ ಹಡಗಿನಲ್ಲಿ ಹೋಗಬೇಕು. ಹಡಗಿನ ಆಫೀಸಿನವರು, ಒಂಟಿ ಹೆಂಗಸಿನ ಜೊತೆ ಮಗು ಬರುವುದಾದರೆ ಅದು ಅವಳದೇ ಎಂಬ ಸರ್ಟಿಫಿಕೇಟ್ ಇಲ್ಲದೆ ಹತ್ತಿಸುವುದಿಲ್ಲ ಅಂದಿದ್ದರು. ಅದಕ್ಕೇ ಈ ಬಂಗಾರಪೇಟೆ ಯಾತ್ರೆ.

ಕೋರ್ಟಿನ ಆರ್ಡರ್ ಮುಂದಿಟ್ಟೆ.

“ಕೋರ್ಟು ಸಾಕ್ಕೋ ಅಂದೈತೆ. ಸಮುದ್ರದ್ ಮ್ಯಾಲೆ ಕರ್ಕೊಂಡೋಗು ಅಂತ ಎಲ್ ಬರ್ದೈತೆ, ತೋರ್ಸು?”

ಚಳವಳಿ ನನಗೆ ಕಲಿಸಿದ್ದು ಒಂದೇ ಪಾಠ. ನಿಂತವರನ್ನು ಓಡಿಸುವುದು ಸುಲಭ, ಕೂತವರನ್ನು ಎಬ್ಬಿಸುವುದು ಕಷ್ಟ.

ಬಾಗಿಲಿಗೆ ಅಡ್ಡಲಾಗಿ ಕೂತು ಟಿಫನ್ ಕ್ಯಾರಿಯರ್ ಬಿಚ್ಚಿದೆ. ಇನ್ನು ಆ ಕಚೇರಿಯಲ್ಲಿ ಒಳಹೋಗುವವರೂ ಹೊರಬರುವವರೂ ನಮ್ಮ ಹುರುಳಿ ಸಾರು ದಾಟಿಯೇ ಓಡಾಡಬೇಕು!

ಮುದ್ದೆ ಮುಗಿಯುವ ಹೊತ್ತಿಗೆ ಗುಮಾಸ್ತನೇ ಬಂದು ಕುಕ್ಕರುಗಾಲಲ್ಲಿ ಕೂತ. “ನಿನ್ ಕಾಲಿಗ್ ಬೀಳ್ತೀನಿ, ಏಳಮ್ಮ. ತಂದೆ ಕಾಲಂ ಖಾಲಿ ಬಿಟ್ರೆ ಸಾಯೇಬ್ರು ನನ್ ಮಕಕ್ಕೇ ಒಗೀತಾರೆ. ಯಾವ್ದಾನಾ ಒಂದ್ ಗಂಡ್ಸಿನ್ ಎಸ್ರು ಏಳ್ಬಿಡು.”

ಯಾವನೋ ಬೇವಾರ್ಸಿಯ ಹೆಸರು ನನ್ನ ಮಗಳಿಗೆ ಯಾಕಯ್ಯ ಅಂದೆ.

ತಲೆ ಕೆರೆದುಕೊಂಡ. “ಲೈನ್‌ಮನೆ ಯಾರ್ ಎಸ್ರಲ್ಲೈತೆ? ಟೋಕನ್ ಯಾರ್‌ದು?”

ಎರಡೂ ನನ್ನದೇ.

ಅವನ ಮುಖ ಅರಳಿತು. ಅವನೂ ಲೈನ್‌ನಲ್ಲೇ ಹುಟ್ಟಿ ಬೆಳೆದವನಂತೆ. ನಮ್ಮಲ್ಲಿ ಟೋಕನ್ ಯಾರ ಕೈಲಿದೆಯೋ ಅವರೇ ಯಜಮಾನ. ಮನೆ, ರೇಷನ್ನು, ಆಸ್ಪತ್ರೆ ಎಲ್ಲ ಆ ನಂಬರಿನ ಮೇಲೆ. ಲೈನಿನ ಮಕ್ಕಳು ಅ ಆ ಇ ಈ ಕಲಿಯುವ ಮೊದಲೇ ಅಪ್ಪನ ನಂಬರು ಕಲಿಯುತ್ತವೆ.

“ಪಾಪಾ, ನಿಮ್ದು ಯಾವ್ ನಂಬ್ರಮ್ಮಾ?” ಅಂತ ಸೆಲ್ವಿಯನ್ನು ಕೇಳಿದ. ಅವಳು ಬೆರಳು ನೆಕ್ಕುತ್ತಲೇ ನನ್ನ ನಂಬರನ್ನು ಗಿಣಿಯಂತೆ ಒಪ್ಪಿಸಿದಳು.

“ಅಂಗ್ ಬಾ ದಾರಿಗೆ! ನಂಬ್ರು ಇರೋರೇ ಅಪ್ಪ” ಅಂದವನೇ ಬರೆದುಬಿಟ್ಟ... ತಂದೆ: ಎಂ. ನಾಗವೇಣಿ.

ತಾಯಿ ಕಾಲಂ? “ಅದು ಕಡ್ಡಾಯ ಇಲ್ಲ, ಬುಡು” ಅಂತ ಒಂದು ಗೆರೆ ಎಳೆದ. ಮೊಹರು ಬಿತ್ತು.

ನೋಡಿ ಸರ್ಕಾರದ ಲೆಕ್ಕ. ಜ್ವರ ಬಂದಾಗ ಕೂಸಿನ ಹಣೆಗೆ ಒದ್ದೆಬಟ್ಟೆ ಹಾಕಿದವಳು ಬರೀ ಗೆರೆ. ಸಂಬಳ ತಂದವಳು ಅಪ್ಪ!

ಹರಿದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಅಜ್ಜಿಯ ಕಣ್ಣು ನನ್ನ ಕ್ರಾಂತಿಗೆ ಕಾಯಬೇಕಲ್ಲ... ಮಡಚಿ ಇಟ್ಟುಕೊಂಡೆ.

ಮದರಾಸು. ಹಡಗಿನ ಏಣಿಯ ಬುಡದಲ್ಲಿ ಬಿಳಿ ಪ್ಯಾಂಟಿನ ಒಬ್ಬ ಅಧಿಕಾರಿ. ಕಾಗದ ಓದಿದ. “ಅಪ್ಪಾ ಎಂಗೇಮ್ಮಾ?” ಅಪ್ಪ ಎಲ್ಲಿ ಅಂತ.

ನಾನು ಕೈ ಎತ್ತಿದೆ.

ಸೀರೆ ನೋಡಿದ, ಮೊಹರು ನೋಡಿದ, ಮತ್ತೆ ಸೀರೆ ನೋಡಿದ. ಮೊಹರೇ ಗೆದ್ದಿತು. ಆದರೆ ರೂಲು ಬಿಡುತ್ತದೆಯೇ? ಅಪ್ಪ ಒಬ್ಬನೇ ಮಗುವನ್ನು ಕರೆದೊಯ್ಯುವುದಾದರೆ ತಾಯಿಯ ಒಪ್ಪಿಗೆ ಪತ್ರ ಬೇಕಂತೆ!

ಹಡಗು ಕೂಗುತ್ತಿದೆ. ಹಿಂದಿನಿಂದ ಜನ ನೂಕುತ್ತಿದ್ದಾರೆ. ಸೆಲ್ವಿ ಅಳು ಶುರು ಮಾಡಿದ್ದಾಳೆ.

ಅವನ ಜೇಬಿನ ಪೆನ್ನನ್ನೇ ಕಿತ್ತುಕೊಂಡು ಬರೆದೆ. “ಮಗುವನ್ನು ಅದರ ತಂದೆ ನಾಗವೇಣಿ ಕರೆದೊಯ್ಯಲು ತಾಯಿಯಾದ ನನ್ನ ಅಭ್ಯಂತರವೇನೂ ಇಲ್ಲ. ಇಂತಿ, ನಾಗವೇಣಿ.”

ಇಬ್ಬರದೂ ಒಂದೇ ಹೆಸರಾ ಅಂತ ತಮಿಳಿನಲ್ಲಿ ಕೇಳಿದ.

ಹೆಸರೊಂದೇ ಅಲ್ಲಪ್ಪ, ಇಬ್ಬರಿಗೂ ಇವತ್ತಿನವರೆಗೆ ಒಂದು ಜಗಳ ಇಲ್ಲ ಅಂದೆ.

ಆ ಮಹಾಶಯ ಪತ್ರವನ್ನು ಗುಂಡುಪಿನ್ನಿನಿಂದ ಚುಚ್ಚಿ ಫೈಲಿಗೆ ಸೇರಿಸಿದ. ನಾವು ಏಣಿ ಹತ್ತಿದೆವು.

ಪೋರ್ಟ್ ಬ್ಲೇರಿನಲ್ಲಿ ಅಜ್ಜಿ ಸೆಲ್ವಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಉಳಿದ ಒಂದು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಬಹಳ ಹೊತ್ತು ಬಿಡಲೇ ಇಲ್ಲ. “ಅವ್ರಮ್ಮನ್ ಮೂಗೇ ಕಣೇ” ಅಂದಳು.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಅಪ್ಪ ಗಿಪ್ಪ ಅಂತ ಯಾವನಾನಾ ಉಡುಕ್ಕೊಂಡ್ ಬಂದಿದ್ನೇನೇ?”

ನಾನು ಬಾಯಿ ತೆಗೆಯುವ ಮೊದಲೇ ಸೆಲ್ವಿ, “ಅಮ್ಮಾನೇ ನಮ್ಮಪ್ಪ. ಮೊಹರ್ ಐತೆ!”

ಅಜ್ಜಿ ನಕ್ಕಳು. ಎರಡೂ ಕಣ್ಣಲ್ಲಿ ನೀರು... ಹೋದ ಕಣ್ಣಲ್ಲೂ.

ಈಗ ಸೆಲ್ವಿಗೆ ನನ್ನನ್ನು ದೊಡ್ಡ ಕ್ರೂಸ್ ಹಡಗಿನಲ್ಲಿ ಸುತ್ತಾಡಿಸುವ ಆಸೆ. ನಿನ್ನೆ ಇಬ್ಬರೂ ಕೂತು ಆನ್‌ಲೈನ್ ಅರ್ಜಿ ತುಂಬಿದೆವು. ಅವಳ ತಂದೆಯ ಹೆಸರಿನ ಪಕ್ಕ ಕೆಂಪು ನಕ್ಷತ್ರ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ.

ಹೇಳಿ ಗೆಳೆಯರೇ, ಈ ವಯಸ್ಸಲ್ಲಿ ಇನ್ನೊಮ್ಮೆ ಅಪ್ಪನಾಗಲೋ, ಇಲ್ಲ ಕಂಪ್ಯೂಟರಿನ ಮುಂದೆ ಅಡ್ಡ ಕೂತು ಟಿಫನ್ ಕ್ಯಾರಿಯರ್ ಬಿಚ್ಚಲೋ?