ಕಾಲರಿನೊಳಗಿನ ಅರಿಶಿನ

ಗೆಳತಿಯರೇ, ನಾಳೆ ಗಂಡನ ಜೊತೆ ಸಿಮ್ಲಾಕ್ಕೆ ಹೊರಡುವವಳು ನಾನು. ಇವತ್ತು ಅಕ್ಕನನ್ನು ಕರೆದುಕೊಂಡು ಗಂಗಾವತಿ ಸಂತೆಯಲ್ಲಿ ಹೆಂಗಸರ ಹತ್ತಿ ತುಂಬಿದ ಕೋಟು ಆರಿಸುತ್ತಿದ್ದೆ.

"ಮಹಾಯುದ್ಧ ಮುಗಿದ ಮ್ಯಾಲ ಈಗ ಬಂದೈತ್ರಿ ವಿಲಾಯತಿ ಮಾಲು. ಗಂಟು ನಿಮ್ಮೆದುರಿಗೇ ಬಿಚ್ಚೀನಿ ನೋಡ್ರಿ," ಎಂದ ವ್ಯಾಪಾರಿ.

ಕೈಗೆತ್ತಿಕೊಂಡ ನೀಲಿ ಕೋಟಿನ ಕಾಲರಿನೊಳಗೆ ಅರಿಶಿನದ ಬೊಟ್ಟು. ಹೊಸ ಬಟ್ಟೆ ತೊಡುವ ಮುಂಚೆ ನಾವು ಇಡುವಂಥದ್ದೇ, ಇನ್ನೂ ಹಸಿಯಾಗಿತ್ತು.

"ನೀ ಇಟ್ಟೀಯೇನ?" ಎಂದಳು ಅಕ್ಕ.

ನಾನು ಅರಿಶಿನ ಮುಟ್ಟಿಯೇ ಇರಲಿಲ್ಲ. ಹೆದರಿ ಕಂದು ಕೋಟು ಎತ್ತಿದೆ, ಅದರಲ್ಲೂ ಬೊಟ್ಟು. ಕಪ್ಪು ಕೋಟಿನಲ್ಲೂ. ತಿರುಗಿ ನೀಲಿಯದನ್ನು ನೋಡಿದರೆ ಬೊಟ್ಟೇ ಮಾಯ; ನಾನು ಕೈಗೆತ್ತಿಕೊಂಡ ಕೋಟಿನಲ್ಲಷ್ಟೇ ಅದು ಮೂಡುತ್ತಿತ್ತು!

ಅಕ್ಕನ ದನಿ ಇಳಿಯಿತು. "ಅವ್ವ ಹಿಂಗ ಇಡತಿದ್ಲು. ಸುಮ್ನ ತಗೋ."

ಬದುಕಿರುವಷ್ಟು ದಿನ ನಾನು ಆರಿಸಿದ ಒಂದೇ ಒಂದು ಸೀರೆಗೂ ಹೂಂ ಅನ್ನದ ಅವ್ವ, ಸತ್ತು ವರ್ಷವಾದ ಮೇಲೆ ನಾನು ಎತ್ತಿದ ಮೂರಕ್ಕೂ ಒಪ್ಪಿಬಿಟ್ಟಳು.