ಹಳದಿ ಗೋಡೆಯ ತುದಿಯಲ್ಲಿ ಕೂತವರು

ಹೋದ ವಾರ ಹಾಸನದ ಬಸ್ ನಿಲ್ದಾಣದ ಹತ್ತಿರ ಯಾರದೋ ಕಾಂಪೌಂಡಿಗೆ ಸುಣ್ಣ ಹೊಡೆಯುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅಕ್ಕ ನೆನಪಾದರು...

ಅವರು ಕಾಲೇಜೊಂದರ ಲೈಬ್ರರಿಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ, ನನ್ನನ್ನೂ ಎಬ್ಬಿಸಿಕೊಂಡು ಬೀದಿ ಸುತ್ತುತ್ತಿದ್ದರು. ಪೋಸ್ಟರ್ ಅಂಟಿಸದ ಗೋಡೆ ಸಿಕ್ಕರೆ ಹಬ್ಬ. ಚೌಕಟ್ಟಿನ ತುಂಬ ಬರೀ ಗೋಡೆ, ಮೂಲೆಯಲ್ಲಿ ಒಂದು ಸೈಕಲ್ಲೋ ಒಬ್ಬ ಮನುಷ್ಯನೋ. ಅಷ್ಟೇ.

"ಇದ್ರಲ್ಲಿ ಏನಿದೆ ಅಕ್ಕಾ?"

"ಏನೂ ಇಲ್ಲ ಕಣೇ. ಅದಕ್ಕೇ ಆ ಮನುಷ್ಯ ಕಾಣೋದು."

ಅಂಥದೊಂದು ಚಿತ್ರ ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಉದ್ದನೆಯ ಹಳದಿ ಗೋಡೆ. ತುದಿಯಲ್ಲಿ ಬಾಗಿ ಕೂತ, ಉಗುರಿನಷ್ಟು ಒಬ್ಬ ಮನುಷ್ಯ. ಕೆಲವೇ ದಿನಗಳಲ್ಲಿ ಕೊಣನೂರು ಕಡೆಯ ಹೆಂಗಸೊಬ್ಬಳು ಆ ಪತ್ರಿಕೆ ಹಿಡಿದು ಅಕ್ಕನ ಮನೆ ಹುಡುಕಿಕೊಂಡು ಬಂದಳು. ಮರೆವು ಹತ್ತಿದ ಅವಳ ಗಂಡ, ಒಂದು ದಿನ ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ.

"ನಮ್ಮನೆಯೋರೇ ಕಣವ್ವ. ಎಡಗಡೆ ಬುಜ ಅಂಗೇ ಇಳಿದಿರದು. ಮೊಕ ಕಾಣೋ ಫೋಟೋ ಇದ್ರೆ ತೋರ್ಸವ್ವ."

ಅಕ್ಕ ತೆಗೆದದ್ದು ಅದೊಂದೇ. ಕಂಪ್ಯೂಟರಿನಲ್ಲಿ ಎಷ್ಟು ಹಿಗ್ಗಿಸಿದರೂ ಮುಖವಿದ್ದ ಕಡೆ ಬರೀ ಮಸುಕು... ಅವಳು ಆ ಮಸುಕನ್ನೇ ಬೆರಳಿನಿಂದ ಸವರಿದಳು. ಅಕ್ಕ ಎದ್ದು ಒಳಗೆ ಹೋದರು. ನಲ್ಲಿಯ ಸದ್ದಿನ ನಡುವೆಯೂ ಅವರ ಅಳು ಕೇಳುತ್ತಿತ್ತು.

ಆ ಗೋಡೆಯ ಬಳಿ ಯಾರೂ ಸಿಗಲಿಲ್ಲ. ಆಮೇಲೆ ಭಾನುವಾರಗಳೆಲ್ಲ ಹುಡುಕಾಟವಾದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ನಿಲ್ದಾಣಗಳು, ಛತ್ರಗಳು, ಆಸ್ಪತ್ರೆಯ ಜಗಲಿಗಳು. ಈಗ ಅಕ್ಕ ಹತ್ತಿರ ಹೋಗಿ, ಮಾತಾಡಿಸಿ, ಮುಖಗಳನ್ನೇ ತೆಗೆಯುತ್ತಿದ್ದರು. ಆ ಹೆಂಗಸಿನ ಮಗಳ ಮೊಬೈಲಿಗೆ ಕಳಿಸಿದರೆ, ಪ್ರತಿ ಸಲವೂ ಅಲ್ಲವೆಂದೇ ಉತ್ತರ. ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ಚಿಕಿತ್ಸೆ ಶುರುವಾಗಿ ಕೂದಲು ಉದುರಿದ ಮೇಲೂ ತಲೆಗೆ ವಸ್ತ್ರ ಸುತ್ತಿಕೊಂಡು ಹೊರಡುತ್ತಿದ್ದರು. "ಅವತ್ತೇ ನೆಟ್ಟಗೆ ಮುಖ ನೋಡಿದ್ದಿದ್ರೆ ಇವತ್ತು ಗುರ್ತಾದ್ರೂ ಹೇಳ್ತಿದ್ದೆ," ಅಂದಿದ್ದರು ಒಮ್ಮೆ. ಈ ಚಳಿಗಾಲ ಮುಗಿಯುವ ಮೊದಲೇ ಹೊರಟುಹೋದರು...

ಫೋಟೋ ಬರುವುದು ನಿಂತದ್ದಕ್ಕೆ, ನಿನ್ನೆ ಆ ಹೆಂಗಸು ಬಂದಿದ್ದಳು. ಅಕ್ಕನ ಬಾಗಿಲ ಬೀಗ ಕಂಡು ನನ್ನ ಮನೆಗೆ ಬಂದಳು. ಹೇಳಿದೆ. ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅವ್ರೂ ಓಗ್ಬುಟ್ರಾ..." ಸೆರಗಿನಲ್ಲಿ ಮುಖ ಒತ್ತಿಕೊಂಡಳು. "ಅಕ್ಕಾರು ಉಡುಕ್ತಾವ್ರಲ್ಲ, ನಮ್ಮನೆಯೋರು ಎಲ್ಲೋ ಬದುಕವ್ರೆ ಅಂದ್ಕಂಡಿದ್ದೆ ಕಣವ್ವ."

ಪಕ್ಕದಲ್ಲಿ ಕೂತೆ.